ಕಮಾನು

ಮೊದಲು ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ ಕಂಡ ನಮಗೆ ಕೆಲವು ಶಬ್ದಗಳು ಎರಡೂ ಬಾಗಿಲುಗಳಿಂದ ಬಂದಿವೆ. ‘ಕಮಾನ್’ ಅಂಥದೊಂದು. ಉರ್ದುವಿನಲ್ಲಿ ಅದು ಬಿಲ್ಲು. ಕನ್ನಡಕ್ಕೆ ಬಂದಾಗ ಹಂಪಿಯ ಕಮಲ ಮಹಲಿನಲ್ಲಿ ಕಾಣುವ ಕಮಾನು. ಹೊಸಪೇಟೆಯ ಗ್ಯಾರೇಜುಗಳಿಗೆ ಹೋದರೆ ಲಾರಿಯ ಅಡಿಯಲ್ಲಿ ಒಂದರ ಮೇಲೊಂದು ಕೂತ ಉಕ್ಕಿನ ಪಟ್ಟಿಗಳೂ ಕಮಾನೇ, ಕಮಾನ್ ಪಾಟಾ. ಮೂರರ ಬಲವೂ ಇರುವುದು ಅವುಗಳ ಬಾಗಿನಲ್ಲಿ.

ಈ ಶಬ್ದದ ಬಗ್ಗೆ ಮತ್ತೆ ಯೋಚಿಸುವಂತೆ ಮಾಡಿದವನು ನಮ್ಮ ಆಪಾಳ ಮಗ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ವರ್ಷಗಟ್ಟಲೆ ದುಡ್ಡು ಕೂಡಿಸಿ, ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡ. ಊರಿಗೆ ತಂದಾಗ ಓಣಿಯ ಮಕ್ಕಳೆಲ್ಲ ಸುತ್ತ ನೆರೆದರು. ಆದರೆ ಅವನಿಗೆ ಅಷ್ಟು ಸಾಲದು. ಕಾರು ಇನ್ನೂ ನೆಲಕ್ಕೆ ತಗ್ಗಬೇಕು, ತಿರುವಿನಲ್ಲಿ ವಾಲಬಾರದು, ಸಸ್ಪೆನ್ಷನ್ ಬದಲಿಸಬೇಕು ಎಂಬ ಹಟ. ಇನ್ನೊಂದು ಕಡೆ ಆಪಾಗೆ ಬೆನ್ನುಮೂಳೆಯ ಡಿಸ್ಕ್ ಸರಿದು ನಡೆಯುವುದೇ ಕಷ್ಟವಾಗಿತ್ತು. ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಡಾಕ್ಟರಿಗೆ ತೋರಿಸಬೇಕು. ಬಸ್ಸಿನ ಕುಲುಕಾಟ ಸಾಕು, ಅಮ್ಮಿಯನ್ನು ಇನ್ನು ತನ್ನ ಕಾರಿನಲ್ಲೇ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟವನೂ ಇವನೇ.

ನಮ್ಮನ್ನೂ ಕರೆದುಕೊಂಡು ಅವನು ಹೋದದ್ದು ವಯಸ್ಸಾದ ಪಾಟಾ ಮಿಸ್ತ್ರಿಯೊಬ್ಬರ ಬಳಿಗೆ. ಅವರ ಕಥೆ ನಮ್ಮ ಸೀಮೆಯ ಕಥೆಯೇ. 2000ದ ದಶಕದಲ್ಲಿ ಸಂಡೂರಿನ ಗುಡ್ಡಗಳ ಅದಿರು ಹಗಲು ರಾತ್ರಿ ಕೆಳಗಿಳಿಯುತ್ತಿತ್ತು. ಹತ್ತು ಗಾಲಿಯ ಲಾರಿಗೆ ಆಗ ಗಾಡಿಯ ತೂಕವೂ ಸೇರಿ 25 ಟನ್ ಮಿತಿ. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವರಿಗೆ ಮಿತಿ ಎಲ್ಲಿ ಕಾಣಬೇಕು? ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು, ಮಿಸ್ತ್ರಿ ಪಾಟಾ ಕಟ್ಟಿಗೆ ಹೆಚ್ಚುವರಿ ಪಟ್ಟಿ ಸೇರಿಸಿ ಕಳಿಸುತ್ತಿದ್ದರು. ಲಾರಿ ಕುಗ್ಗಲಿಲ್ಲ, ರಸ್ತೆ ಕುಗ್ಗಿತು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು ಎಂದು ರಸ್ತೆ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ನಿಂತವು, ಮಿಸ್ತ್ರಿಯ ಕುಲುಮೆಯೂ ಆರಿತು. ಮುಂದೆ ಗಣಿಗಳು ಹಂತಹಂತವಾಗಿ ತೆರೆದರೂ ಆ ಕಾಲದ ಗಿರಾಕಿಗಳು ಅವರಿಗೆ ತಿರುಗಿ ಬರಲಿಲ್ಲ. ಈಗ ಮಗ ಕಾರುಗಳ ಕೆಲಸ ಮಾಡುತ್ತಾನೆ, ಇವರು ಪಕ್ಕದಲ್ಲಿ ಕೂತು ನೋಡುತ್ತಾರೆ.

ಹುಡುಗ ಮೊದಲು ಕೇಳಿದ್ದು ಅಗ್ಗದ ದಾರಿಯನ್ನು: ಇರುವ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿಬಿಡಿ ಎಂದು.

“ಹತ್ತು ನಿಮಿಷದ ಕೆಲ್ಸ ಬೇಟಾ,” ಎಂದರು ಮಿಸ್ತ್ರಿ. “ಆದ್ರ ನಾ ಮಾಡಂಗಿಲ್ಲ. ರಸ್ತೆ ಏಟು ಎಲ್ಲಿಗೂ ಹೋಗಂಗಿಲ್ಲ. ಸ್ಪ್ರಿಂಗ್ ತಿನ್ನದಿದ್ರ ಸೀಟಿನ್ಯಾಗ ಕುಂತವ್ರು ತಿಂತಾರ.”

ಅವತ್ತು ಅವರ ಅಂಗಡಿಗೆ ಬೇರೆ ಗಿರಾಕಿ ಬಂದಿರಲಿಲ್ಲ ಎಂಬುದನ್ನೂ ಹೇಳಬೇಕು.

ಈ ಮಾತಿನ ಹಿಂದೆ ಲೆಕ್ಕವಿದೆ. ಕೆಲಸ ಮಾಡುವ ಸುತ್ತುಗಳು ಆರಿದ್ದು ಒಂದನ್ನು ಕತ್ತರಿಸಿದರೆ ಸ್ಪ್ರಿಂಗಿನ ಬಿಗಿ ಸುಮಾರು ಐದನೇ ಒಂದು ಪಾಲು ಹೆಚ್ಚುತ್ತದೆ. ಕಾರು ತಗ್ಗುತ್ತದೆ ನಿಜ, ಆದರೆ ಶಾಕ್ ಅಬ್ಸಾರ್ಬರ್ ಒಳಕ್ಕೆ ಸರಿಯಲು ಉಳಿದಿದ್ದ ಜಾಗವೂ ಕಡಿಮೆಯಾಗುತ್ತದೆ. ದೊಡ್ಡ ಗುಂಡಿಯಲ್ಲಿ ಅದು ತಳದ ರಬ್ಬರಿಗೆ ಹೋಗಿ ಗುದ್ದುತ್ತದೆ. ಗಾಲಿ ಗಾಳಿಯಲ್ಲಿ ತೂಗಿದಾಗ ಮೋಟಾದ ಸ್ಪ್ರಿಂಗ್ ತನ್ನ ಕೂರುವ ಜಾಗದಿಂದ ಸಡಿಲವಾಗುವ ಅಪಾಯವೂ ಉಂಟು. ಬೆಂಕಿ ಕೊಟ್ಟು ತಗ್ಗಿಸುವವರೂ ಇದ್ದಾರೆ. ಅದರಿಂದ ಉಕ್ಕಿನ ಹದವೇ ಹೋಗುತ್ತದೆ.

ಎರಡನೆಯ ದಾರಿ, ತಗ್ಗಿಸಲೆಂದೇ ತಯಾರಾದ ಸ್ಪ್ರಿಂಗ್. ಐಬಾಕ್‌ನಂಥ ಕಂಪನಿಗಳು ಇದಕ್ಕೆ ಹೆಸರಾಗಿವೆ. ಎರಡು, ಮೂರು ಸೆಂಟಿಮೀಟರ್ ತಗ್ಗಿಸಿ ಅದಕ್ಕೆ ತಕ್ಕ ಬಿಗಿ ಕೊಡುತ್ತವೆ. ಆದರೆ ಬಿಗಿ ಸ್ಪ್ರಿಂಗಿಗೆ ಹಳೆಯ ಶಾಕ್ ಅಬ್ಸಾರ್ಬರ್ ಸಾಲದು. ಸ್ಪ್ರಿಂಗ್ ಏಟನ್ನು ನುಂಗುವುದಿಲ್ಲ, ಕೂಡಿಟ್ಟುಕೊಂಡು ತಿರುಗಿ ಕೊಡುತ್ತದೆ. ಆ ಕುಣಿತವನ್ನು ಎಣ್ಣೆಯಲ್ಲಿ ತಡೆದು ಶಾಖ ಮಾಡಿ ಕಳೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಬಿಲ್‌ಸ್ಟೈನ್, ಕೊನಿ ಮುಂತಾದವು ಇದಕ್ಕೆ ಪ್ರಸಿದ್ಧ. ಮೂರನೆಯದು ಕಾಯಿಲ್‌ಓವರ್: ಎರಡೂ ಒಂದೇ ಜೋಡಣೆಯಲ್ಲಿದ್ದು ಎತ್ತರವನ್ನು ತಿರುಗಿಸಿ ಹೊಂದಿಸಬಹುದು. ರೇಸಿನ ಟ್ರ್ಯಾಕಿಗೆ ಒಳ್ಳೆಯದು, ಜೇಬಿಗೆ ಭಾರ. ಯಾವುದರಿಂದ ತಗ್ಗಿಸಿದರೂ ಗಾಲಿಗಳ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಇಲ್ಲದಿದ್ದರೆ ಟಯರಿನ ಒಳಅಂಚು ಸವೆಯುತ್ತದೆ.

ಕಾನೂನನ್ನೂ ನೋಡಬೇಕಲ್ಲ? ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಆಧಾರದಲ್ಲಿ ಹೇಳಿದೆ. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು.

ಇನ್ನು ನಮ್ಮ ರಸ್ತೆಗಳು. ನಿಯಮದ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲವಿದ್ದರೆ ತಗ್ಗಿದ ಕಾರೂ ನಿಧಾನವಾಗಿ ಏರಿ ಇಳಿಯುತ್ತದೆ. ಊರವರೇ ಹಾಕಿಕೊಂಡ ಇಕ್ಕಟ್ಟಿನ, ಎತ್ತರದ ಉಬ್ಬುಗಳು ಕಾರಿನ ಹೊಟ್ಟೆಗೇ ತಾಕುತ್ತವೆ. ಕಂಪ್ಲಿ ಕಡೆಯ ಎರೆಭೂಮಿ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವುದರಿಂದ ಡಾಂಬರಿನ ರಸ್ತೆಯೂ ಅಲೆಯಲೆಯಾಗುತ್ತದೆ. ಬಿಗಿ ಕಾರು ಅಲ್ಲಿ ರಸ್ತೆಯನ್ನು ಹಿಡಿಯುವುದಿಲ್ಲ, ಜಿಗಿಯುತ್ತದೆ. ಜಿಗಿದ ಗಾಲಿಗೆ ತಿರುವೂ ಇಲ್ಲ, ಬ್ರೇಕೂ ಇಲ್ಲ.

ಅದೇ ವಾರ ಹಂಪಿ ಬಜಾರಿಗೆ ಹೋಗಿದ್ದೆವು. ವಿರೂಪಾಕ್ಷ ಗೋಪುರದ ಮುಂದಿನ ಆ ನೀಳ ಬೀದಿಯಲ್ಲಿ ತೇರು ನಿಂತಿತ್ತು. ಆಳೆತ್ತರದ ಮರದ ಗಾಲಿಗಳು, ಸ್ಪ್ರಿಂಗ್ ಇಲ್ಲ. “ಇದಕ್ಕೆ ಸಸ್ಪೆನ್ಷನ್ನೇ ಇಲ್ಲವಲ್ಲ ಮಾಮು!” ಎಂದು ಹುಡುಗ ನಕ್ಕ. ಬೇಕಾಗಿಯೂ ಇಲ್ಲ ಎಂದೆವು. ಸಾವಿರ ಕೈಗಳು ಎಳೆಯುವ ತೇರು ಮನುಷ್ಯರ ಹೆಜ್ಜೆಯ ವೇಗದಲ್ಲಿ ಸಾಗುತ್ತದೆ. ಅವಸರ ಬಂದ ಮೇಲೆಯೇ ಸಣ್ಣ ಕಲ್ಲೂ ಏಟಾಗುವುದು. ಅವಸರ ಒಬ್ಬರದು, ಏಟು ಇನ್ನೊಬ್ಬರದು ಆಗುವುದನ್ನು ಈ ಸೀಮೆ ಅದಿರಿನ ಕಾಲದಲ್ಲಿ ಸಾಕಷ್ಟು ನೋಡಿದೆ. ಲಾಭ ಲಾರಿಯ ಮೇಲೆ ಹೋಯಿತು, ಗುಂಡಿ ನಮ್ಮ ಊರಿಗೆ ಉಳಿಯಿತು.

ಹುಡುಗನ ಆಸೆಯನ್ನು ಶೋಕಿ ಎಂದು ಹೀಗಳೆಯುವುದು ನಮಗೆ ಇಷ್ಟವಿಲ್ಲ. ದುಡಿದ ದುಡ್ಡಿನಲ್ಲಿ ಒಳ್ಳೆಯ ಯಂತ್ರವೊಂದನ್ನು ಪ್ರೀತಿಸುವುದು ತಪ್ಪಲ್ಲ. ತಿರುವಿನಲ್ಲಿ ಕಾರು ಅಲುಗದೆ ನಿಲ್ಲುವುದು ಸುಖವೂ ಹೌದು, ಸುರಕ್ಷತೆಯೂ ಹೌದು. ಆದರೆ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಯಾವ ರಸ್ತೆ, ಎಷ್ಟು ಭಾರ, ಪಕ್ಕದಲ್ಲಿ ಯಾರು?

ಅವನೂ ಕೇಳಿಕೊಂಡ. ಮೂಲ ಎತ್ತರದ ಹೊಸ ಸ್ಪ್ರಿಂಗ್, ಅದಕ್ಕೆ ಹೊಂದುವ ಒಳ್ಳೆಯ ಶಾಕ್ ಅಬ್ಸಾರ್ಬರ್, ಸವೆದ ರಬ್ಬರ್ ಬುಷ್‌ಗಳ ಬದಲಿಗೆ ಹೊಸವು ಹಾಕಿಸಿದ. ಹಳೆಯ ಕಾರಿನ ವಾಲಾಟದಲ್ಲಿ ಹೆಚ್ಚಿನದು ಸವೆತದ್ದೇ ಆಗಿತ್ತು. ಮಿಸ್ತ್ರಿ ನಾಲ್ಕೂ ಮೂಲೆಗಳನ್ನು ಕೈಯಿಂದ ಒತ್ತಿ ಬಿಟ್ಟು ನೋಡಿದರು. ಕಾರು ಒಮ್ಮೆ ಎದ್ದು ಸುಮ್ಮನೆ ನಿಂತಿತು.

ಬೆಂಗಳೂರು ಮುಟ್ಟಿದ ಮೇಲೆ ಆಪಾಗೆ ಫೋನು ಮಾಡಿದೆವು. ದಾರಿಯಲ್ಲಿ ಚಿತ್ರದುರ್ಗ ಬಂದದ್ದೇ ಗೊತ್ತಾಗಲಿಲ್ಲ, ನಿದ್ದೆ ಹತ್ತಿತ್ತು ಎಂದಳು.