ಆಗುಂಬೆ ಘಾಟಿ ಇಳಿಯುವ ಮುನ್ನ

ಆಗುಂಬೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಎರಡು ಸಂಗತಿ: ಮಳೆ ಮತ್ತು ಸೂರ್ಯಾಸ್ತ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರದು. ಅಲ್ಲಿನ ದೊಡ್ಡಮನೆಯನ್ನು ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ನೀವು ನೋಡಿಯೇ ಇರುತ್ತೀರಿ. ಆದರೆ ಸೋದರಿಯರೇ, ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಸ್ವಂತ ಕಾರಿನಲ್ಲಿ ಹೊರಡುವವರು ನೆನಪಿಡಬೇಕಾದ ಮೂರನೆಯ ಸಂಗತಿಯೊಂದಿದೆ. ಅದೇ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿ. ಸುಮಾರು ಹತ್ತು ಕಿಲೋಮೀಟರ್ ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳು!

ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ನಮ್ಮ ಸಣ್ಣ ಊರುಗಳಲ್ಲಿ ಅದನ್ನು ಮನೆಮಗಳಂತೆ ಸಾಕಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ವಯಸ್ಸಾದ ಕಾರಿನ ಎಂಜಿನ್ ಎಣ್ಣೆ, ಬ್ರೇಕು ನೋಡಿಸುತ್ತೇವೆ. ಸ್ಟಿಯರಿಂಗ್ ನೋಡಿಸುವುದು ಮಾತ್ರ ಮರೆತೇ ಹೋಗುತ್ತದೆ.

ತೀರ್ಥಹಳ್ಳಿ ಬಿಟ್ಟು ಆಗುಂಬೆಯ ಕಡೆ ಹೊರಟಿರೆನ್ನಿ. ಇಕ್ಕೆಲದಲ್ಲಿ ಅಡಿಕೆ ತೋಟ, ಗದ್ದೆ, ನಡುನಡುವೆ ದಟ್ಟ ಕಾಡು. ಮೂವತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ಈ ದಾರಿಯೇ ನಿಮ್ಮ ಕಾರಿನ ಪರೀಕ್ಷೆಯ ಮೈದಾನ. ನೀವು ಓಡಿಸುತ್ತಿದ್ದರೂ ಸರಿ, ಪಕ್ಕದ ಸೀಟಿನಲ್ಲಿದ್ದರೂ ಸರಿ, ಸ್ವಲ್ಪ ಕಿವಿಗೊಡಿ. ನೇರ ರಸ್ತೆಯಲ್ಲಿ ಕಾರು ತಾನಾಗಿ ಒಂದು ಪಕ್ಕಕ್ಕೆ ಎಳೆಯುತ್ತಿದೆಯೇ? ಸಣ್ಣ ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಚಕ್ರದ ಬಳಿ ‘ಟಕ್ ಟಕ್’ ಎನ್ನುತ್ತದೆಯೇ? ಕಾರು ನೇರ ಹೋಗಲೆಂದು ಸ್ಟಿಯರಿಂಗನ್ನು ಆಚೆ ಈಚೆ ತಿದ್ದುತ್ತಲೇ ಇರಬೇಕಾಗಿದೆಯೇ? “ಏನಿಲ್ಲ ಮಾರಾಯ್ತಿ, ರಸ್ತೆ ಸರಿಯಿಲ್ಲ ಅಷ್ಟೆ” ಎಂದು ಮನೆಯವರು ತಳ್ಳಿಹಾಕಿದರೆ ಒಪ್ಪಬೇಡಿ. ಒಳ್ಳೆಯ ರಸ್ತೆಯಲ್ಲೂ ಅದೇ ಸದ್ದು ಬಂದರೆ ತಪ್ಪು ರಸ್ತೆಯದಲ್ಲ.

ಕಾರಣ ತಿಳಿಯುವುದು ಕಷ್ಟವೇನಲ್ಲ. ಸ್ಟಿಯರಿಂಗ್ ತಿರುಗಿಸಿದಾಗ ಒಳಗೆ ಹಲ್ಲಿನ ಸರಳೊಂದು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ಕೊನೆಗಳಿಂದ ಚಕ್ರದವರೆಗೆ ಹೋಗುವ ಕಂಬಿಗಳೇ ಟೈ ರಾಡು. ಅದರ ತುದಿಯಲ್ಲಿ ನಮ್ಮ ಭುಜದ ಕೀಲಿನಂಥ ಗುಂಡು ಕೀಲಿದೆ. ಮೆಕ್ಯಾನಿಕರು ಅದನ್ನು ಟೈ ರಾಡ್ ಎಂಡ್ ಎನ್ನುತ್ತಾರೆ. ಗ್ರೀಸು ತುಂಬಿದ ಈ ಕೀಲಿಗೆ ಒಂದು ರಬ್ಬರ್ ಟೋಪಿ ಇರುತ್ತದೆ. ಟೋಪಿ ಹರಿಯಿತೋ, ಮಲೆನಾಡಿನ ಕೆಸರು ನೀರು ಒಳಗೆ ನುಗ್ಗಿ ಕೀಲು ಸವೆಯುತ್ತದೆ. ಬೀಸುವ ಕಲ್ಲಿನ ಗೂಟ ಸವೆದರೆ ಮೇಲಿನ ಕಲ್ಲು ಕುಣಿಯುವುದಿಲ್ಲವೇ? ಹಾಗೆಯೇ ಇದೂ.

ಮನೆಯಂಗಳದಲ್ಲೇ ಒಂದು ಪರೀಕ್ಷೆ ಮಾಡಬಹುದು. ಎಂಜಿನ್ ನಿಲ್ಲಿಸಿ, ಚಕ್ರಗಳು ನೇರವಾಗಿರಲಿ. ನೀವು ಸ್ಟಿಯರಿಂಗನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ. ಮಗಳನ್ನೋ ಮಗನನ್ನೋ ಮುಂದಿನ ಚಕ್ರ ನೋಡುತ್ತ ನಿಲ್ಲಲು ಹೇಳಿ. ಚಕ್ರ ಅಲುಗುವ ಮೊದಲೇ ಸ್ಟಿಯರಿಂಗ್ ಒಂದು ಅಂಗುಲಕ್ಕಿಂತ ಹೆಚ್ಚು ಸುಮ್ಮನೆ ಆಡಿದರೆ ಗ್ಯಾರೇಜಿಗೆ ಹೋಗಿ. ಟೈರಿನ ಒಳ ಅಥವಾ ಹೊರ ಅಂಚು ಮಾತ್ರ ಸವೆದಿದ್ದರೂ ಅಷ್ಟೆ.

ಗ್ಯಾರೇಜಿನಲ್ಲಿ ಮುಂಭಾಗವನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಎಡ ಬಲ ಹಿಡಿದು ಅಲುಗಿಸುತ್ತಾರೆ. ಆಗ ಕಟಕಟ ಎಂದರೆ ಹೆಚ್ಚಾಗಿ ಟೈ ರಾಡಿನ ಕೀಲಿನದೇ ದೋಷ. ಮೇಲೆ ಕೆಳಗೆ ಹಿಡಿದಾಗ ಅಲುಗಿದರೆ ಕೆಳಗಿನ ಬಾಲ್ ಜಾಯಿಂಟೋ ಚಕ್ರದ ಬೇರಿಂಗೋ ಸವೆದಿರಬಹುದು. ಹಳೆಯ ಕೀಲು ತೆಗೆಯುವಾಗ ನುರಿತ ಮೆಕ್ಯಾನಿಕ್ ಅದು ಎಷ್ಟು ಸುತ್ತಿಗೆ ಕಳಚಿತೆಂದು ಎಣಿಸುತ್ತಾನೆ. ಹೊಸದನ್ನು ಅಷ್ಟೇ ಸುತ್ತು ಕೂರಿಸುತ್ತಾನೆ. ನಟ್ಟು ಬಿಗಿದು ಹೊಸ ಸ್ಪ್ಲಿಟ್ ಪಿನ್ನು ಹಾಕಿದನೇ ಎಂದು ನೀವೇ ಕೇಳಿ. ಹಳೆಯ ಪಿನ್ನನ್ನು ಮತ್ತೆ ಬಳಸಬಾರದು; ಅದು ಮುರಿದು ಬಿದ್ದರೆ ನಟ್ಟು ಸಡಿಲವಾಗುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಕೀಲಿಗೆ ಕೊಟ್ಟ ಹಣ ಉಳಿದರೂ ಟೈರಿಗೆ ಕೊಟ್ಟ ಹಣ ಉಳಿಯದು.

ಇಷ್ಟೊಂದು ಯಾಕೆ ಎನ್ನುವಿರಾ? ಘಾಟಿಗೆ ಬನ್ನಿ, ತಿಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಒತ್ತಿ ತಿರುಗುವಾಗ ಕಾರಿನ ಭಾರವೆಲ್ಲ ಮುಂದಿನ ಹೊರಚಕ್ರದ ಮೇಲೆ ವಾಲುತ್ತದೆ. ಸವೆದ ಕೀಲು ಅಲ್ಲೇನಾದರೂ ಕಳಚಿಕೊಂಡರೆ ಸ್ಟಿಯರಿಂಗ್ ಕೈಯಲ್ಲಿದ್ದರೂ ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಹಿಂದಿನ ಸೀಟಿನಲ್ಲಿ ಮಕ್ಕಳು.

ಸ್ಟಿಯರಿಂಗ್ ಸರಿಯಿದ್ದರೆ ಈ ಘಾಟಿಯಷ್ಟು ಚೆಂದದ ದಾರಿ ಮತ್ತೊಂದಿಲ್ಲ. ಘಾಟಿಯ ನೆತ್ತಿಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತು ನೋಡಿ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಅರಬ್ಬೀ ಸಮುದ್ರ ಮಿನುಗುತ್ತದೆ. ಆದರೆ ಕತ್ತಲಾಗುವ ತನಕ ಅಲ್ಲೇ ಕೂರಬೇಡಿ. ಬೆಳಕಿರುವಾಗಲೇ, ಎರಡನೆಯ ಗೇರಿನಲ್ಲಿ, ತಿರುವಿಗೊಮ್ಮೆ ಹಾರ್ನ್ ಮಾಡುತ್ತ ಇಳಿಯಿರಿ. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ ಮಾಡಬೇಡಿ. ಮೇಲೇರಿ ಬರುವ ಗಾಡಿಗೆ ದಾರಿ ಬಿಡಿ. ದಾರಿಬದಿಯ ಕೋತಿಗಳಿಗೆ ತಿಂಡಿ ಎಸೆಯಬೇಡಿ. ಇದು ವನ್ಯಧಾಮದ ಕಾಡು. ಮಳೆಗಾಲದಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲಿಸುವುದುಂಟು, ವಿಚಾರಿಸಿಯೇ ಹೊರಡಿ.

ಕೊನೆಯ ತಿರುವು ದಾಟಿ ಸೋಮೇಶ್ವರ ತಲುಪಿದಾಗ ಗಾಳಿ ಬೆಚ್ಚಗಾಗುತ್ತದೆ. ಅಲ್ಲಿಂದ ಹೆಬ್ರಿ, ಮುಂದೆ ಉಡುಪಿ. ಮುಂದಿನ ರಜೆಗೆ ಈ ದಾರಿಯ ಯೋಚನೆಯಿದ್ದರೆ ಚಕ್ಕುಲಿ, ಕೋಡುಬಳೆ ಕಟ್ಟುವುದಕ್ಕೆ ಒಂದು ವಾರ ಮೊದಲೇ ಕಾರನ್ನು ಗ್ಯಾರೇಜಿಗೆ ಕಳುಹಿಸಿ. ತಿಂಡಿ ಹಿಂದಿನ ದಿನ ಮಾಡಿದರೂ ಆದೀತು, ಇದು ಆಗದು.