ಊರ ಕಾವಲು: ತಳವಾರರಿಂದ ಬೀಟ್ ಪೊಲೀಸರವರೆಗೆ



ಹಳ್ಳಿಯಲ್ಲಿ ನಡೆಯುವ ಕಳ್ಳತನಕ್ಕೆ ಪತ್ರಿಕೆಗಳಲ್ಲಿ ಸಿಗುವುದು ಹೆಚ್ಚೆಂದರೆ ನಾಲ್ಕು ಸಾಲು. ಬೆಂಗಳೂರಿನಲ್ಲಿ ಒಡವೆ ಅಂಗಡಿ ಲೂಟಿಯಾದರೆ ಚಿತ್ರಸಹಿತ ವರದಿ ಬರುತ್ತದೆ. ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ಒಂದೇ ರಾತ್ರಿ ಐದಾರು ಪಂಪ್‌ಸೆಟ್ಟುಗಳ ಕೇಬಲ್ ಕತ್ತರಿಸಿಕೊಂಡು ಹೋದರೆ ಅದು ಸುದ್ದಿಯೇ ಅಲ್ಲ. ಕಳ್ಳನಿಗೆ ಬೇಕಾದದ್ದು ಒಳಗಿನ ತಾಮ್ರ. ಮೇಲಿನ ಹೊದಿಕೆಯನ್ನು ಸುಟ್ಟು, ತಂತಿಯನ್ನು ತೂಕಕ್ಕೆ ಹಾಕಿದರೆ ಅವನಿಗೆ ಸಿಗುವುದು ಅಲ್ಪ. ರೈತನಿಗಾದರೋ ಹೊಸ ಕೇಬಲ್ಲಿನ ಬೆಲೆ, ಕೆಲಸಗಾರರ ಕೂಲಿ, ನೀರಿಲ್ಲದೆ ಒಣಗಿದ ಎಳೆಯ ಅಡಿಕೆ ಸಸಿ, ಎಲ್ಲವೂ ನಷ್ಟವೇ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟು ಕೊಬ್ಬರಿ ಮಾಡುವುದು ನಿಮಗೆಲ್ಲ ತಿಳಿದೇ ಇದೆ. ಅಟ್ಟಕ್ಕೆ ಕನ್ನ ಬಿದ್ದರೆ ಒಂದು ವರ್ಷದ ಆದಾಯವೇ ಹೋದಂತೆ.

ನಿಮ್ಮಲ್ಲಿ ಅನೇಕರು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿದ್ದೀರಿ. ಊರಿನ ಮನೆಯಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ ಇರುತ್ತಾರೆ. ದೂರವಾಣಿಯಲ್ಲಿ ಮಾತನಾಡುವಾಗ, “ಮೇಷ್ಟ್ರೇ, ಊರ ಕಡೆ ರಾತ್ರಿ ಭಯ ಇಲ್ಲ ತಾನೇ?” ಎಂದು ಕೇಳುತ್ತೀರಿ. ಉತ್ತರವನ್ನು ಎರಡು ಮಾತಿನಲ್ಲಿ ಹೇಳಲಾಗುವುದಿಲ್ಲ. ಆದ್ದರಿಂದ ಈ ಬರಹ.

ಹಿಂದೆ ಹಳ್ಳಿಯ ಕಾವಲು ತಳವಾರರದು. ಪಟೇಲರು, ಶಾನುಭೋಗರು, ತೋಟಿ, ನೀರಗಂಟಿ ಇವರಂತೆ ತಳವಾರಿಕೆಯೂ ವಂಶಪಾರಂಪರ್ಯವಾಗಿ ಬಂದ ಕಸುಬು. ಊರಿಗೆ ಹೊಸಬರು ಬಂದರೆ ಪಟೇಲರಿಗೆ ತಿಳಿಸುವುದು, ರಾತ್ರಿ ಗಸ್ತು ತಿರುಗುವುದು, ಅಸಹಜ ಸಾವಾದರೆ ಠಾಣೆಗೆ ಸುದ್ದಿ ಮುಟ್ಟಿಸುವುದು ಅವರ ಹೊಣೆ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯಿದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು ಈ ವಂಶಪಾರಂಪರ್ಯದ ಹುದ್ದೆಗಳೆಲ್ಲ ಕೊನೆಗೊಂಡವು. ನನ್ನ ಬಾಲ್ಯದಲ್ಲಿ ಕಾಯಿದೆ ಬಂದು ವರ್ಷಗಳೇ ಆಗಿದ್ದರೂ ನಮ್ಮೂರಿನ ಆ ಮುದುಕರನ್ನು ಜನ ತಳವಾರಣ್ಣ ಎಂದೇ ಕರೆಯುತ್ತಿದ್ದರು. ಕಂಬಳಿ ಹೊದ್ದು, ಕೋಲು ಕುಟ್ಟುತ್ತ ಅವರು ಬೀದಿಯಲ್ಲಿ ಹೋಗುವ ಸದ್ದು ಕೇಳಿ ನಾವು ಮಕ್ಕಳು ಧೈರ್ಯವಾಗಿ ನಿದ್ದೆ ಮಾಡುತ್ತಿದ್ದೆವು. ಆದರೆ ಆ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ಇಡೀ ಊರು ಮಲಗಿದಾಗ ಎಚ್ಚರವಿರಬೇಕಾದವರು ಊರಿನ ಅತ್ಯಂತ ಬಡವರು. ಸಿಗುತ್ತಿದ್ದುದು ತುಂಡು ಇನಾಂ ಭೂಮಿ ಮತ್ತು ಸುಗ್ಗಿಯಲ್ಲಿ ಕಣದ ಮೂಲೆಯ ಕಾಳು. ಮಗನೂ ಅದನ್ನೇ ಮಾಡಬೇಕೆಂಬ ಕಟ್ಟಳೆ. ಅದು ಹೋದದ್ದು ನ್ಯಾಯವೇ.

ಹೋದದ್ದರ ಸ್ಥಾನಕ್ಕೆ ಏನು ಬಂತು ಎಂಬುದೇ ಪ್ರಶ್ನೆ. 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆಯಾಯಿತು. ಊರಿನ ಗಟ್ಟಿಮುಟ್ಟಾದ ಸ್ವಯಂಸೇವಕರನ್ನು ಆರಿಸಿ, ಪೊಲೀಸ್ ಇಲಾಖೆಯ ಮೇಲ್ವಿಚಾರಣೆಯಲ್ಲಿ ಗಸ್ತು ಮಾಡಿಸುವ ವ್ಯವಸ್ಥೆ ಅದು. ದಳಕ್ಕೊಬ್ಬ ದಳಪತಿ. ಉದ್ದೇಶ ಒಳ್ಳೆಯದೇ. ನಾನು ಕೆಲಸ ಮಾಡಿದ ಊರುಗಳಲ್ಲಿ ಕಂಡದ್ದನ್ನು ಹೇಳುವುದಾದರೆ, ಕಳ್ಳತನವಾದ ಹೊಸತರಲ್ಲಿ ಯುವಕರು ಟಾರ್ಚು ಹಿಡಿದು ಉತ್ಸಾಹದಿಂದ ತಿರುಗುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಗಸ್ತು ಅರಳಿಕಟ್ಟೆಯ ಮೇಲಿನ ಇಸ್ಪೀಟಾಗುತ್ತಿತ್ತು. ಹಗಲೆಲ್ಲ ದುಡಿದವನು ರಾತ್ರಿ ಸಂಬಳವಿಲ್ಲದೆ ಎಷ್ಟು ದಿನ ಕಾದಾನು?

ಇನ್ನು ಪೊಲೀಸರ ಗಸ್ತು. ನಮ್ಮ ಪ್ರೌಢಶಾಲೆಯ ಜಗಲಿಯಲ್ಲಿ ಒಂದು ಬೀಟ್ ಪುಸ್ತಕ ತೂಗುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ರಾತ್ರಿ ಬಂದ ಪೇದೆ ಅದರಲ್ಲಿ ವೇಳೆ ಬರೆದು ರುಜು ಹಾಕಬೇಕು. ಒಮ್ಮೆ ನಾನು ಅದನ್ನು ತಿರುವಿದಾಗ ಏಳು ದಿನದ ರುಜುಗಳು ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿದ್ದವು. ಹಾಜರಿ ಪುಸ್ತಕ ನೋಡಿ ನೋಡಿ ಪಳಗಿದ ಕಣ್ಣಿಗೆ ಇಂಥದ್ದು ತಪ್ಪುತ್ತದೆಯೇ! ಪೇದೆಯನ್ನು ದೂರಿ ಫಲವಿರಲಿಲ್ಲ. ಹತ್ತಾರು ಹಳ್ಳಿಗಳಿಗೆ ಇದ್ದ ಸಿಬ್ಬಂದಿ ಬೆರಳೆಣಿಕೆಯಷ್ಟು. ಅವರಲ್ಲೂ ಜಾತ್ರೆ, ಚುನಾವಣೆ, ಮಂತ್ರಿಗಳ ಭೇಟಿಯ ಬಂದೋಬಸ್ತಿಗೆ ಹೋಗುವವರೇ ಹೆಚ್ಚು.

ಆದರೆ ಪುಸ್ತಕದ ಈ ರುಜುಗಳಿಗಿಂತ ನನ್ನನ್ನು ಕಾಡಿದ್ದು ಠಾಣೆಯೊಳಗಿನ ಇನ್ನೊಂದು ಪುಸ್ತಕ. ತೊಂಬತ್ತರ ದಶಕದಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಗಣಿತದಲ್ಲಿ ಚುರುಕು. ಊರಾಚೆಯ ಗುಡಿಸಲುಗಳಲ್ಲಿ ಬುಟ್ಟಿ, ಮೊರ ಹೆಣೆಯುವ ಕುಟುಂಬದವನು. ಒಮ್ಮೆ ಮೂರು ದಿನ ಶಾಲೆಗೆ ಬರಲಿಲ್ಲ. ಬಂದಾಗ ಕಾರಣ ಕೇಳಿದೆ. ತಲೆ ತಗ್ಗಿಸಿ, “ಅಪ್ಪನ್ನ ಟೇಶನ್‌ಗೆ ಕರ್ಕಂಡೋಗವ್ರೆ ಸಾರ್, ಬುತ್ತಿ ಕೊಡಕ್ಕೋಗಿದ್ದೆ” ಎಂದ. ಪಕ್ಕದೂರಿನಲ್ಲಿ ಅಟ್ಟದ ಕೊಬ್ಬರಿ ಕಳುವಾಗಿತ್ತು. ಆ ಸಂಜೆ ನಾನು ಠಾಣೆಗೆ ಹೋದೆ. ದಫೇದಾರರು ಗೌರವದಿಂದಲೇ ಕೂರಿಸಿ, “ಮೇಷ್ಟ್ರೇ, ಇವನ ಹೆಸರು ಪಟ್ಟೀಲಿದೆ, ಅವರಪ್ಪನ ಹೆಸರೂ ಇತ್ತು. ಏನೇ ಆದರೂ ಮೊದಲು ಇವರನ್ನ ಕರೆಸಬೇಕು, ನಾನೇನು ಮಾಡಲಿ?” ಎಂದರು. ರಾತ್ರಿ ಅವನನ್ನು ಬಿಟ್ಟರು. ಎರಡು ತಿಂಗಳ ಬಳಿಕ ಕೊಬ್ಬರಿ ಕದ್ದವರು ಬೇರೆ ತಾಲ್ಲೂಕಿನವರೆಂದು ತಿಳಿಯಿತು. ಗುಡಿಸಲಿಗೆ ಹೋಗಿ ಆ ಮಾತನ್ನು ಹೇಳಿದವರು ಯಾರೂ ಇಲ್ಲ.

ಆ ಪಟ್ಟಿಯ ಬೇರು ಬಹಳ ಹಿಂದಿನದು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆಯಿತು. ಹುಬ್ಬಳ್ಳಿ, ಗದಗಗಳಲ್ಲಿ ಅಂಥವರನ್ನು ಬೇಲಿಯೊಳಗೆ ಕೂಡಿಹಾಕಿದ ಜಾಗಗಳನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎನ್ನುತ್ತಾರೆ. 1952ರಲ್ಲಿ ಕಾಯಿದೆ ರದ್ದಾಗಿ ಅವರು ‘ವಿಮುಕ್ತ’ರಾದರು. ಕಾಗದದ ಮೇಲೆ ಮುಕ್ತರಾದವರು ಠಾಣೆಯ ರೂಢಿಯಲ್ಲಿ ಮುಕ್ತರಾಗಲಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳಲ್ಲಿನ ಜಾತಿ ತಾರತಮ್ಯದ ವಿರುದ್ಧ ತೀರ್ಪು ಕೊಡುವಾಗ, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೂ ಎಚ್ಚರಿಕೆ ಹೇಳಬೇಕಾಯಿತು. ಎಪ್ಪತ್ತೆರಡು ವರ್ಷಗಳ ನಂತರ!

ಪೊಲೀಸರೇ ಬೇಡ, ಊರ ಜನರೇ ಕಾಯ್ದುಕೊಳ್ಳಲಿ ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ರಾಜ್ಯದ ಉತ್ತರ ತುದಿಯ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮವನ್ನು ನೆನಪಿಸುತ್ತೇನೆ. 2018ರ ಜುಲೈನಲ್ಲಿ ಕಾರಿನಲ್ಲಿ ಬಂದ ಗೆಳೆಯರ ಗುಂಪು ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ನೆಪವಾಗಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿತು. ಜನ ಸೇರಿ ಹೊಡೆದರು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿ ಕೈ ಎತ್ತಿದವರೆಲ್ಲ ಊರನ್ನು ಕಾಯುತ್ತಿದ್ದೇವೆ ಎಂದೇ ಭಾವಿಸಿದ್ದರು.

ಹಾಗಾದರೆ ಈಗಿನ ಪ್ರಯತ್ನಗಳು ಹೇಗಿವೆ? 2017ರಲ್ಲಿ ನಮ್ಮ ರಾಜ್ಯದಲ್ಲಿ ಬೀಟ್ ವ್ಯವಸ್ಥೆಯನ್ನು ಸುಧಾರಿಸಿ, ಠಾಣೆಯ ವ್ಯಾಪ್ತಿಯನ್ನು ಹಂಚಿ, ಒಂದೊಂದು ಬೀಟಿಗೆ ಒಬ್ಬೊಬ್ಬ ಪೊಲೀಸರನ್ನು ಹೊಣೆಗಾರರನ್ನಾಗಿ ಮಾಡಲಾಯಿತು. ಊರಿನ ನಾಗರಿಕರನ್ನೂ ಸದಸ್ಯರನ್ನಾಗಿ ಸೇರಿಸಿದರು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಜನ ಠಾಣೆಗೆ ಅಲೆಯುವ ಬದಲು ಪೊಲೀಸರೇ ಬಾಗಿಲಿಗೆ ಬಂದು ಅಹವಾಲು ಕೇಳಬೇಕೆಂಬುದು ಅದರ ಸಾರ. ತುರ್ತಿಗೆ 112 ಇದೆ. ಇವುಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಮನೆಭೇಟಿ. ಪೇದೆಗೆ ಊರಿನ ಮುಖಗಳು ಪರಿಚಯವಾಗಬೇಕು. ಹಳೆಯ ತಳವಾರಣ್ಣನಿಗೆ ಇದ್ದುದು ಆ ಪರಿಚಯವೇ, ಈಗ ಅದನ್ನು ಮಾಡಬೇಕಾದವರಿಗೆ ಸಂಬಳವಾದರೂ ಇದೆ. ಆದರೆ ಒಂದು ಅನುಮಾನ. ಪೊಲೀಸರು ಊರ ಮುಂದಿನ ಹೆಂಚಿನ ಮನೆಗಳಲ್ಲಿ ಕಾಫಿ ಕುಡಿದು ಹಿಂದಿರುಗಿದರೆ, ಊರಾಚೆಯ ಗುಡಿಸಲಿಗೆ ಮಾತ್ರ ಪಟ್ಟಿ ಹಿಡಿದು ಹೋದರೆ, ಹೆಸರು ಬದಲಾದರೂ ಕೆಲಸ ಹಳೆಯದೇ.

ಕಾನೂನಿನ ಒಂದೆರಡು ವಿಷಯ ನೀವು ತಿಳಿದಿರುವುದು ಒಳ್ಳೆಯದು. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು; ಮಿಂಚಂಚೆಯಂಥ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕೊಟ್ಟು ಮೂರು ದಿನದೊಳಗೆ ರುಜು ಹಾಕಬಹುದು; ಪ್ರಥಮ ವರ್ತಮಾನ ವರದಿಯ ಪ್ರತಿ ಉಚಿತ. ಇದು ಉಪಕಾರವೇ. ಆದರೆ ಅದೇ ಸಂಹಿತೆಯ ಅನುಸೂಚಿಯಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಅಸಂಜ್ಞೇಯ ಅಪರಾಧವಾಗಿದೆ. ಎಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಪೇಟೆಯವರಿಗೆ ಅದು ಚಿಲ್ಲರೆ ಹಣ. ನಾಲ್ಕು ಕೋಳಿ, ಒಂದು ಸ್ಟಾರ್ಟರ್, ಒಂದು ಮೂಟೆ ರಾಗಿ ಕಳೆದುಕೊಂಡ ವಿಧವೆಗೆ ಅದೇ ಸರ್ವಸ್ವ. ಈ ನಿಯಮ ಬರೆದವರ ಕಣ್ಣ ಮುಂದೆ ಹಳ್ಳಿ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. ಬೆಲೆ ಅದಕ್ಕಿಂತ ಹೆಚ್ಚಿದ್ದಲ್ಲಿ ಬರಿಯ ಹಿಂಬರಹ ಪಡೆದು ಮನೆಗೆ ಬರಬೇಡಿ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ.

ನಮ್ಮ ದಾಯಾದಿಯೊಬ್ಬರ ತೋಟದಲ್ಲಿ ಇತ್ತೀಚೆಗೆ ಕೇಬಲ್ ಹೋಯಿತು. “ಬಿಡಪ್ಪ, ಠಾಣೆಗೆ ಅಲೆಯೋ ಖರ್ಚಿನಲ್ಲಿ ಇನ್ನೊಂದು ಕೇಬಲ್ ಬರುತ್ತೆ” ಎಂದು ಕೈಚೆಲ್ಲಿದ್ದರು. ಬಿಲ್ಲು ಹುಡುಕಿಸಿ, ಬೆಲೆ ಬರೆದು, ಮೇಲಿನ ತೀರ್ಪಿನ ಒಂದು ಸಾಲನ್ನೂ ಸೇರಿಸಿ ಅರ್ಜಿ ಬರೆದುಕೊಟ್ಟೆ. ಎಫ್‌ಐಆರ್ ಆಯಿತು. ಕೇಬಲ್ ಇನ್ನೂ ಸಿಕ್ಕಿಲ್ಲ. ಬೀಟಿನ ಯುವ ಪೊಲೀಸರು ಬಂದು ಪಂಪ್‌ಹೌಸಿನ ಬಾಗಿಲಿಗೆ ತಮ್ಮ ದೂರವಾಣಿ ಸಂಖ್ಯೆ ಬರೆದು ಹೋದರು. ಆಚೆಯ ಗುಡಿಸಲುಗಳಿಗೂ ಹೋಗಿದ್ದಿರಾ ಎಂದು ಕೇಳಿದೆ. “ಹೋಗಿದ್ದೆ ಸರ್. ಅವರದೂ ಎರಡು ಮೇಕೆ ಕಳುವಾಗಿದೆಯಂತೆ, ಯಾರೂ ಬರೆದುಕೊಂಡಿರಲಿಲ್ಲ. ನಾನು ಬರೆದುಕೊಂಡು ಬಂದೆ” ಎಂದರು.