ಇಳಿಸುವಾಗ ಓಡ್ತಿತ್ತು

ಅಮೆರಿಕದಲ್ಲಿ ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಮಾರುವವರ ಬಾಯಲ್ಲಿ ತಪ್ಪದೆ ಬರುವ ಮಾತು ಒಂದಿದೆ: "ಇಳಿಸುವಾಗ ಓಡ್ತಿತ್ತು." ಅಜ್ಜ ಸಾಯೋವರೆಗೂ ಬದುಕಿದ್ರು ಅಂದ ಹಾಗೆ. ಸುಳ್ಳಂತೂ ಅಲ್ಲ. ಮಿಶಿಗನ್ನಿನ ಹಳ್ಳಿಯೊಂದರಲ್ಲಿ, ತೋಟದ ಮನೆಯ ಶೆಡ್ಡಿನ ಮುಂದೆ, ಮಾರುವವನು ನನಗೂ ಇದನ್ನೇ ಹೇಳಿದ. ನನ್ನಾಕೆ ಕಾರಿನಲ್ಲಿ ಕೂತಲ್ಲಿಂದಲೇ ಕೇಳಿದಳು: "ಚೆನ್ನಾಗಿ ಓಡ್ತಿದ್ದಿದ್ದನ್ನ ಯಾಕ್ರೀ ಇಳಿಸಿದ?" ನನಗೆ ಕೇಳಿಸಲಿಲ್ಲ, ಅಂದರೆ ಕೇಳಿಸಿಕೊಳ್ಳಲಿಲ್ಲ.

ನನಗೆ ಬೇಕಿದ್ದದ್ದು ಶೆವ್ರೊಲೆಯ 454, ಬಿಗ್ ಬ್ಲಾಕ್. 454 ಅನ್ನುವುದು ಘನ ಇಂಚಿನ ಲೆಕ್ಕ. ನಮ್ಮ ಲೆಕ್ಕಕ್ಕೆ 7.4 ಲೀಟರು. ಮಾರುತಿ 800ರದ್ದು 796 ಸಿಸಿ ತಾನೆ? ಅಂಥ ಒಂಬತ್ತು ಎಂಜಿನ್ ಕೂಡಿಸಿದರೂ ಇದಕ್ಕೆ ಸ್ವಲ್ಪ ಕಡಿಮೆಯೇ. ತೂಕ 300 ಕಿಲೋ ಮೇಲೆ. ಇಷ್ಟೆಲ್ಲ ಯಾಕೆ ಬೇಕು ಅಂದರೆ, ಎರಡು ಚಳಿಗಾಲದಿಂದ ನಮ್ಮ ಗ್ಯಾರೇಜಿನಲ್ಲಿ 1971ರ ಶೆವೆಲ್ ಕಾರಿನ ಬರೀ ಗೂಡು ನಿಂತಿದೆ. 1970ರಲ್ಲಿ ಇದೇ 454 ಶೆವೆಲ್‌ನಲ್ಲಿ 450 ಕುದುರೆಶಕ್ತಿ ಅಂತ ಬರೆಸಿಕೊಂಡಿತ್ತು. 1974ರ ಕಾರ್ವೆಟ್‌ಗೆ ಬರುವಷ್ಟರಲ್ಲಿ 270. ಕುದುರೆಗಳೆಲ್ಲ ಓಡಿಹೋದವು ಅಂತಲ್ಲ. ಹೊಗೆಯ ಕಾನೂನು ಬಂತು, ಕಂಪ್ರೆಶನ್ ಇಳಿಸಿದರು, ಕುದುರೆ ಎಣಿಸುವ ರೀತಿಯನ್ನೂ 1972ರ ಹೊತ್ತಿಗೆ ಬದಲಿಸಿದರು.

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡೋರು, ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸೋರು. ಕೊನೆಗೆ ಟವೆಲ್ಲಿನಡಿ ಕೈ ತೂರಿಸಿ ಬೆರಳು ಹಿಡಿದು ವ್ಯಾಪಾರ. ಎಂಜಿನ್ನಿಗೂ ಸುಳಿ ಇದೆ. ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂರುವ ಅಂಚಿನಲ್ಲಿ ಎರಕದ ನಂಬರು. ಎರಕದ ತಾರೀಕಿನಲ್ಲಿ ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೆ ತಿಂಗಳಿಗೊಂದು ಅಕ್ಷರ. ಎಷ್ಟೋ ಬ್ಲಾಕುಗಳಲ್ಲಿ ವರ್ಷಕ್ಕೆ ಮಾತ್ರ ಒಂದೇ ಅಂಕಿ, ಯಾವ ದಶಕವೋ ನೀವೇ ಊಹಿಸಿಕೊಳ್ಳಬೇಕು. ಮುಂದುಗಡೆ ಬಲಗಡೆಯ ಹೆಡ್ಡಿನ ಪಕ್ಕದಲ್ಲಿ ಟಿ ಅಂತ ಶುರುವಾಗುವ ಮುದ್ರೆ. ಟಿ ಅಂದರೆ ಟೊನವಾಂಡ, ಈ ಎಂಜಿನ್ ಹುಟ್ಟಿದ ಊರು. ಅದು ಇರುವುದು ಬಫಲೋ ಪಕ್ಕದಲ್ಲಿ. ಎತ್ತಿನ ಮಾತಾಡುತ್ತ ಎಮ್ಮೆಯ ಹೆಸರಿನ ಊರು ತಲುಪಿದೆವು, ಇರಲಿ. ಮುದ್ರೆಯ ಕೊನೆಯ ಅಕ್ಷರಗಳು ಇದು ಯಾವ ಗಾಡಿಗೆ ಹುಟ್ಟಿದ್ದು ಅಂತ ಹೇಳುತ್ತವೆ. ಕಾರಿನದು ಅಂತ ಕೊಂಡದ್ದು ಎಷ್ಟೋ ಸಲ ಸರಕಿನ ಟ್ರಕ್ಕಿನದೋ ಮೋಟಾರ್‌ಹೋಮಿನದೋ ಆಗಿರುತ್ತದೆ. ದಿಬ್ಬದ ಮೇಲೆ ಮನೆಯನ್ನೇ ಎಳೆದು ಎಳೆದು ಬೆಂದ ಜೀವ.

ನಾನು ಇಷ್ಟನ್ನೂ ಓದಿದೆ. ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ತಿರುಗಿಸಿದೆ, ಸಲೀಸಾಗಿ ತಿರುಗಿತು. "ಮೇನ್ ಬೇರಿಂಗ್ ಕ್ಯಾಪಿಗೆ ನಾಲ್ಕು ಬೋಲ್ಟ್" ಅಂದ ಮಾರುವವನು, ಅಂದರೆ ಎರಡು ಬೋಲ್ಟಿನದಕ್ಕಿಂತ ಗಟ್ಟಿ. ಆಯಿಲ್ ಸಂಪ್ ಬಿಚ್ಚದೆ ಅದನ್ನು ನೋಡುವ ಹಾಗಿಲ್ಲ, ಹಾಗಾಗಿ ಎಲ್ಲರ ಎಂಜಿನ್ನಿಗೂ ನಾಲ್ಕೇ. ಬಣ್ಣ ಮಾತ್ರ ಏನು ಚೆಂದ! ಶೆವ್ರೊಲೆಯ ಆ ಕಿತ್ತಳೆ ಬಣ್ಣ, ಹೊಸದಾಗಿ ಬಳಿದದ್ದು. ಜಾತ್ರೆಯಲ್ಲಿ ಕೊಂಬಿಗೆ ಬಣ್ಣ ಬಳಿದ ಎತ್ತು ಕಂಡರೆ ತಾತ ಪಕ್ಕದ ಜೋಡಿಯ ಕಡೆ ಹೋಗಿಬಿಡೋರು. ಅದು ನೆನಪಾದದ್ದು ದುಡ್ಡು ಎಣಿಸಿ ಕೊಟ್ಟ ಮೇಲೆ.

ಮೆಷಿನ್ ಶಾಪಿನವನು ಬ್ಲಾಕ್ ತೊಳೆದ. ಬಣ್ಣ ಹೋಯಿತು, ಕೂದಲೆಳೆಯಂಥ ಗೆರೆ ಬಂತು. ಯಾವುದೋ ಚಳಿಗಾಲದಲ್ಲಿ ಒಳಗೆ ಬರೀ ನೀರು ಬಿಟ್ಟಿದ್ದಾರೆ. ಅದು ಮಂಜುಗಟ್ಟಿ ಹಿಗ್ಗಿ ಪಕ್ಕದ ಗೋಡೆಯನ್ನೇ ಸೀಳಿದೆ. ಬ್ಲಾಕಿನ ಪಕ್ಕದ ತೂತುಗಳನ್ನು ಮುಚ್ಚಿ ಹೊಳೆಯುತ್ತಿದ್ದ ಹೊಸ ಪ್ಲಗ್ಗುಗಳು ಅದನ್ನೇ ಹೇಳುತ್ತಿದ್ದವು: ಹಳೆಯವನ್ನು ಮಂಜುಗಡ್ಡೆ ಹೊರಗೆ ತಳ್ಳಿತ್ತು. ಹೊಸ ಪ್ಲಗ್ಗು ಅಂದರೆ ಮಾರುವವನ ಶ್ರದ್ಧೆ ಅಂದುಕೊಂಡಿದ್ದೆ ನಾನು!

ಈಗ ಇನ್ನೊಂದು 454 ಮಾರಾಟಕ್ಕಿದೆ, ಎರಡು ಗಂಟೆಯ ದಾರಿ. ಫೋನ್ ಮಾಡಿದೆ. ಇಳಿಸುವಾಗ ಓಡ್ತಿತ್ತಂತೆ. ಶನಿವಾರ ಹೊರಟಿದ್ದೇವೆ. ಈ ಸಲ ನನ್ನಾಕೆ ಕಾರಿನಲ್ಲಿ ಕೂರುವುದಿಲ್ಲವಂತೆ; ಉಗುರಿನ ಬಣ್ಣ ತೆಗೆಯುವ ಸೀಸೆ ಮತ್ತು ಒಂದಿಷ್ಟು ಹತ್ತಿ ಈಗಲೇ ಬ್ಯಾಗಿಗೆ ಹಾಕಿಕೊಂಡಿದ್ದಾಳೆ.